ಒಂದೇ ಡಿಸ್ಕಿನ ಕನ್ನಡಿ

ಕೊಪ್ಪಳದ ಆ ಎದೆರೋಗದ ಆಸ್ಪತ್ರೆಯಲ್ಲಿ ಸರ್ವರ್ ಇದ್ದದ್ದು ಎಕ್ಸ್‌ರೇ ಕೋಣೆಗೆ ಅಂಟಿಕೊಂಡ ಸಣ್ಣ ಖೋಲಿಯಲ್ಲಿ, ಸೀಸದ ಏಪ್ರನ್‌ಗಳನ್ನು ನೇತುಹಾಕುವ ಗೂಟಗಳ ಕೆಳಗೆ, ಒಂದು ಕಬ್ಬಿಣದ ಸ್ಟೂಲಿನ ಮೇಲೆ. ಸರ್ವರ್ ಎಂದರೆ ದೊಡ್ಡದೇನಲ್ಲ. ಅಂಗಡಿಯಲ್ಲಿ ಜೋಡಿಸಿದ ಮಾಮೂಲಿ ಕಂಪ್ಯೂಟರ್. ಅದರೊಳಗೆ ಯಂತ್ರ ನಡೆಸುವ ಲಿನಕ್ಸ್ ತಂತ್ರಾಂಶ, ಒಂದೇ ಒಂದು ಹಾರ್ಡ್ ಡಿಸ್ಕ್, ಆ ಡಿಸ್ಕಿನಲ್ಲಿ ನಾಲ್ಕು ವರ್ಷಗಳಿಂದ ತೆಗೆದ ಎಲ್ಲ ಎದೆಗಳ ಚಿತ್ರಗಳು. 2012ರ ಬೇಸಿಗೆಯಲ್ಲಿ ಆ ಒಂದು ಡಿಸ್ಕನ್ನು ಎರಡು ಮಾಡಿಕೊಡಲು, ಊರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನನ್ನು ಕರೆದರು.

ಕರೆದವರು ಆಸ್ಪತ್ರೆಯ ಹಿರಿಯ ಡಾಕ್ಟರು. ಅರವತ್ತು ದಾಟಿದವರು, ಮೂಲ ಕುಷ್ಟಗಿಯವರು. ಅಲ್ಲಿ ಅವರದೊಂದು ದಾಳಿಂಬೆ ತೋಟವಿತ್ತು, ಭಾನುವಾರ ತಪ್ಪದೆ ಹೋಗುತ್ತಿದ್ದರು. ಅವರ ಪರಿಚಯದ ಇನ್ನೊಬ್ಬ ಡಾಕ್ಟರ ಕಂಪ್ಯೂಟರು ವೋಲ್ಟೇಜ್ ಏರಿ ಸುಟ್ಟುಹೋಗಿ, ಹಳೆಯ ರೋಗಿಗಳ ಒಂದು ಚಿತ್ರವೂ ಉಳಿಯಲಿಲ್ಲವಂತೆ. ಅದನ್ನು ಕೇಳಿದಂದಿನಿಂದ ಇವರಿಗೆ ನೆಮ್ಮದಿ ಇರಲಿಲ್ಲ.

"ನೋಡವಾ, ಒಂದು ಹೋದ್ರ ಇನ್ನೊಂದು ಇರಬೇಕು. ನನಗ ಅಷ್ಟ ಬೇಕಾಗೇತಿ" ಎಂದರು.

ಅದಕ್ಕೆ ಲಿನಕ್ಸಿನಲ್ಲೇ ದಾರಿಯಿದೆ. ಬೇರೆ ಯಂತ್ರ ಬೇಡ, ಡಿಸ್ಕು ಜೋಡಿಸುವ ವಿಶೇಷ ಕಾರ್ಡೂ ಬೇಡ. ಎರಡು ಡಿಸ್ಕುಗಳನ್ನು ಒಂದು ಜೋಡಿಯಾಗಿ ಕಟ್ಟಿದರೆ ಬರೆದದ್ದೆಲ್ಲ ಎರಡೂ ಕಡೆ ಒಟ್ಟಿಗೆ ಬೀಳುತ್ತದೆ. ಒಂದು ಕೆಟ್ಟರೆ ಇನ್ನೊಂದರ ಮೇಲೆ ಕೆಲಸ ನಿಲ್ಲದೆ ನಡೆಯುತ್ತದೆ. ಕನ್ನಡಿ ಎನ್ನುತ್ತೇವೆ ಅದಕ್ಕೆ. ಹೊಸ ಯಂತ್ರದಲ್ಲಿ ಮೊದಲಿಗೇ ಮಾಡಿದರೆ ಸುಲಭ. ನಡೆಯುತ್ತಿರುವ ಯಂತ್ರದಲ್ಲಿ ಒಂದು ತೊಡಕು. ಹಳೆಯ ಡಿಸ್ಕನ್ನು ನೇರವಾಗಿ ಜೋಡಿಗೆ ಸೇರಿಸಿದರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಹೊಸ ಡಿಸ್ಕೊಂದನ್ನೇ ಇಟ್ಟುಕೊಂಡು ಅರ್ಧ ಜೋಡಿ ಕಟ್ಟಬೇಕು. ಕಮಾಂಡಿನಲ್ಲಿ ಎರಡನೆಯ ಡಿಸ್ಕಿನ ಹೆಸರು ಬರೆಯುವ ಜಾಗದಲ್ಲಿ 'ಮಿಸ್ಸಿಂಗ್' ಎಂದು ಬರೆಯುತ್ತೇವೆ. ಒಬ್ಬರು ಕಾಣೆಯಾಗಿದ್ದಾರೆ, ಆಮೇಲೆ ಬರುತ್ತಾರೆ ಎಂದು ಹೇಳಿದ ಹಾಗೆ. ಹಳೆಯದರಲ್ಲಿರುವುದನ್ನೆಲ್ಲ ಈ ಅರ್ಧ ಜೋಡಿಗೆ ನಕಲು ಮಾಡಿ, ಯಂತ್ರವನ್ನು ಅದರಿಂದಲೇ ಎಬ್ಬಿಸಿ, ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಕಾಣೆಯಾದವನ ಜಾಗಕ್ಕೆ ತಂದು ಕೂಡಿಸಬೇಕು. ಆಗ ಹೊಸದರಿಂದ ಹಳೆಯದಕ್ಕೆ ಎಲ್ಲವೂ ಮತ್ತೆ ಹರಿದು ಎರಡೂ ಸಮವಾಗುತ್ತವೆ.

ಶನಿವಾರ ಮಧ್ಯಾಹ್ನ ಹೊರರೋಗಿಗಳು ಮುಗಿದ ಮೇಲೆ ಶುರು ಮಾಡಿದೆ. ಎಕ್ಸ್‌ರೇ ಟೆಕ್ನಿಷಿಯನ್ ಜೊತೆಗಿದ್ದ. ಶ್ರೀರಾಮನಗರದವನು, ಮನೆಮಾತು ತೆಲುಗು, ನಲವತ್ತರ ಆಸುಪಾಸು. ಪೆಟ್ಟಿಗೆ ಬಿಚ್ಚಿದರೆ ಒಳಗೆಲ್ಲ ಕೆಂಪು ಧೂಳು, ಫ್ಯಾನಿನ ರೆಕ್ಕೆಗಳ ಮೇಲೆ ಉಣ್ಣೆಯ ಹಾಗೆ ಕೂತಿತ್ತು. ಬಣ್ಣ ಹಚ್ಚುವ ಕುಂಚದಿಂದ ಅದನ್ನು ಬಳಿದು ತೆಗೆದೆವು. ಹಳೆಯ ಡಿಸ್ಕಿನ ಆರೋಗ್ಯ ಕೇಳಿದೆ. ಡಿಸ್ಕುಗಳು ತಮ್ಮ ಕಾಯಿಲೆಗಳನ್ನು ತಾವೇ ನೆನಪಿಟ್ಟುಕೊಂಡಿರುತ್ತವೆ, ಕೇಳಿದರೆ ಹೇಳುತ್ತವೆ. 'ಪಾಸ್' ಎಂದಿತು. ಚಿತ್ರಗಳ ಬೇರೆ ನಕಲು ಎಲ್ಲಾದರೂ ಇದೆಯೇ ಎಂದು ಟೆಕ್ನಿಷಿಯನ್ನನ್ನು ಕೇಳಿದೆ. ಮೊದಲ ವರ್ಷದ್ದು ಸಿಡಿಗಳಲ್ಲಿದೆ, ಆಮೇಲಿನದು ಇಲ್ಲ ಎಂದ. ರೋಗಿಗಳ ಹೆಸರಿನ ದತ್ತಾಂಶವನ್ನೂ ಸೆಟ್ಟಿಂಗುಗಳನ್ನೂ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಚಿತ್ರಗಳು ಅದರಲ್ಲಿ ಹಿಡಿಯುತ್ತಿರಲಿಲ್ಲ.

ಹೊಸ ಡಿಸ್ಕಿನ ಮೇಲೆ ಬರೆದ ಅಳತೆ ಹಳೆಯದರಷ್ಟೇ. ಆದರೆ ಕಂಪನಿ ಬೇರೆ. ಸೆಕ್ಟರುಗಳನ್ನು, ಅಂದರೆ ಡಿಸ್ಕು ಬರೆದುಕೊಳ್ಳುವ ಪುಟ್ಟ ಮನೆಗಳನ್ನು, ಎಣಿಸಿದರೆ ಹೊಸದರಲ್ಲಿ ಸ್ವಲ್ಪ ಕಡಿಮೆ. ಹಳೆಯದರ ವಿಭಾಗಗಳ ನಕ್ಷೆಯನ್ನು ಹಾಗೇ ಇದಕ್ಕೆ ಇಳಿಸಲು ಹೋದಾಗ ಕೊನೆಯದು ಅಂಚು ದಾಟಿತು. ಕೊನೆಯ ವಿಭಾಗವನ್ನು ಕೈಯಾರೆ ಚಿಕ್ಕದು ಮಾಡಿ, ಪ್ರತಿಯೊಂದಕ್ಕೂ ಜೋಡಿಗೆ ಸೇರುವ ಗುರುತು ಹಾಕಿ, 'ಮಿಸ್ಸಿಂಗ್' ಬರೆದು ಅರ್ಧ ಜೋಡಿಗಳನ್ನು ಕಟ್ಟಿದೆ. ಯಂತ್ರವನ್ನು ಎಬ್ಬಿಸುವ ಫೈಲುಗಳು, ಲಿನಕ್ಸಿನ ಮೂಲ, ಇವೆರಡೂ ತೊಂದರೆಯಿಲ್ಲದೆ ನಕಲಾದವು. ಸಂಜೆಗೆ ಚಿತ್ರಗಳ ನಕಲು ಹಚ್ಚಿ ಬೀಗ ಹಾಕಿಕೊಂಡು ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸದ್ದು ಕೇಳಿಸಿತು. ಕಟ್, ಕಟ್, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಕಟ್. ಪರದೆಯ ತುಂಬ ಒಂದೇ ಸಾಲು ಮತ್ತೆ ಮತ್ತೆ ಬಂದಿತ್ತು: ಓದಲಾಗುತ್ತಿಲ್ಲ. ಲಿನಕ್ಸ್ ಹಳೆಯ ಡಿಸ್ಕಿನ ಒಂದು ಜಾಗವನ್ನು ಓದಲು ನೋಡಿ, ಸೋತು, ಸಂಪರ್ಕ ಕಡಿದು, ಮತ್ತೆ ಕೂಡಿಸಿ, ಮತ್ತೆ ಅಲ್ಲಿಗೇ ಹೋಗಿ ಬಡಿದುಕೊಳ್ಳುತ್ತಿತ್ತು. ಯಾವಾಗಿನಿಂದ ಹೀಗೆ ನಡೆದಿತ್ತೋ. ನಕಲು ಒಂದು ಫೋಲ್ಡರಿನೊಳಗೆ ನಿಂತುಬಿಟ್ಟಿತ್ತು.

ಮತ್ತೆ ಡಿಸ್ಕಿನ ಆರೋಗ್ಯ ಕೇಳಿದೆ. ಈಗಲೂ ತಲೆಬರಹದಲ್ಲಿ 'ಪಾಸ್' ಎಂದೇ ಇತ್ತು, ಕೆಳಗೆ ಮಾತ್ರ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ನಿನ್ನೆ ಸೊನ್ನೆ ಇದ್ದದ್ದು ಏರಿತ್ತು. ಆಮೇಲೆ ಯೋಚಿಸಿದಾಗ ಇದರಲ್ಲಿ ಆಶ್ಚರ್ಯವೇನೂ ಇಲ್ಲ ಅನಿಸಿತು. ಡಿಸ್ಕಿನ ಒಂದು ಮೂಲೆ ಕೆಟ್ಟರೂ ಅಲ್ಲಿಗೆ ಯಾರಾದರೂ ಹೋಗಿ ಓದುವವರೆಗೆ ಡಿಸ್ಕಿಗೇ ಅದು ಗೊತ್ತಿರುವುದಿಲ್ಲ. ಆ ಫೋಲ್ಡರನ್ನು ಮೂರು ವರ್ಷಗಳಿಂದ ಯಾರೂ ಪೂರ್ತಿಯಾಗಿ ಓದಿಸಿರಲಿಲ್ಲ.

ಬಡಿದುಕೊಳ್ಳುವುದನ್ನು ಮೊದಲು ನಿಲ್ಲಿಸಿದೆ. ಸಾಯುತ್ತಿರುವ ಡಿಸ್ಕನ್ನು ಹಟಕ್ಕೆ ಬಿದ್ದು ಓದಿಸಿದರೆ ಉಳಿದದ್ದನ್ನೂ ಕಳೆದುಕೊಳ್ಳುತ್ತೇವೆ. ಆ ಫೋಲ್ಡರನ್ನು ಬಿಟ್ಟು ಉಳಿದದ್ದನ್ನೆಲ್ಲ ನಕಲು ಮಾಡಲು ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಅದು ಮುಗಿಯಿತು. ಆಮೇಲೆ ಆ ಫೋಲ್ಡರಿನೊಳಗಿನ ಚಿತ್ರಗಳನ್ನು ಒಂದೊಂದಾಗಿ, ಓದಲಾಗದಿದ್ದರೆ ತಕ್ಷಣ ಬಿಟ್ಟು ಮುಂದೆ ಹೋಗುವ ಹಾಗೆ ಎತ್ತಿಕೊಂಡೆ. ಬಹುಪಾಲು ಬಂದವು. ಮೂವತ್ತಕ್ಕೂ ಹೆಚ್ಚು ಚಿತ್ರಗಳು ಮಾತ್ರ ಬರಲೇ ಇಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ತೋಟದಲ್ಲಿದ್ದರು. ವಿಷಯ ಹೇಳಿ, ಬಾರದ ಚಿತ್ರಗಳ ತಿಂಗಳನ್ನೂ ಹೇಳಿದೆ. ಅವರು ತಿಂಗಳನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ, "ಗಿಣಿಗೇರಾ ಕ್ಯಾಂಪಿಂದನ ಅದು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಟೆಕ್ನಿಷಿಯನ್ನನ್ನು ಕೇಳಿದೆ, ಹೌದು ಎಂದ. ಮೂರು ವರ್ಷಗಳ ಹಿಂದೆ ಗಿಣಿಗೇರಾದಲ್ಲಿ ಆಸ್ಪತ್ರೆಯವರು ಒಂದು ತಪಾಸಣೆ ಶಿಬಿರ ಮಾಡಿದ್ದರು. ಕಾಯಿಲೆ ಇದ್ದವರು, ಇಲ್ಲದವರು, ಬಂದವರೆಲ್ಲರ ಎದೆ ಚಿತ್ರ ತೆಗೆದಿದ್ದರು. ತೊಂದರೆ ಕಂಡವರಿಗಷ್ಟೇ ಫಿಲ್ಮು ಅಚ್ಚು ಹಾಕಿ ಕೊಟ್ಟಿದ್ದರು. ಉಳಿದವರ ಚಿತ್ರ ಇದ್ದದ್ದು ಈ ಡಿಸ್ಕಿನಲ್ಲಿ ಮಾತ್ರ.

ಡಾಕ್ಟರು ತೋಟದ ಧೂಳಿನ ಚಪ್ಪಲಿಯಲ್ಲೇ ಬಂದರು. ಬಂದವರೇ ಬಾರದ ಫೈಲುಗಳ ಹೆಸರುಗಳನ್ನು ಓದುತ್ತ ಹೋಗಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. ಅವರು ಹೇಳಿದ ಮೇಲೆ ವಿಷಯ ತಿಳಿಯಿತು.

ಹಿಂದಿನ ಗುರುವಾರ ಗಿಣಿಗೇರಾದಿಂದ ಒಬ್ಬ ಕ್ರೇನ್ ಆಪರೇಟರ್ ಕೆಮ್ಮು ಎಂದು ಬಂದಿದ್ದ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ನೆರಳು ಕಂಡಿತ್ತು. ಹುಡುಗನಿದ್ದಾಗ ಅವನಿಗೆ ಟಿಬಿ ಆಗಿ ವಾಸಿಯಾಗಿತ್ತು. ಆ ಹಳೆಯ ಗಾಯದ ಕಲೆಯೂ ಇರಬಹುದು, ಹೊಸದಾಗಿ ಬೆಳೆದದ್ದೂ ಇರಬಹುದು. ಶಿಬಿರದಲ್ಲಿ ತೆಗೆದ ಚಿತ್ರದಲ್ಲೂ ಅದೇ ನೆರಳು ಅಷ್ಟೇ ಇದ್ದರೆ ಹಳೆಯ ಕಲೆ, ಹೆದರಬೇಕಾಗಿಲ್ಲ. ಇಲ್ಲದಿದ್ದರೆ ಹುಬ್ಬಳ್ಳಿಗೆ ಹೋಗಿ ಸೂಜಿ ಹಾಕಿ ತುಣುಕು ತೆಗೆಸಿ ನೋಡಬೇಕು. ಗುರುವಾರವೇ ಹಳೆಯ ಚಿತ್ರ ತೆರೆಯಲು ನೋಡಿದ್ದರಂತೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಉಳಿಯಿತು, ಡಿಸ್ಕು ಸೋಲೊಪ್ಪುವ ಮೊದಲೇ ಮುಚ್ಚಿಬಿಟ್ಟಿದ್ದರು. ಕಂಪ್ಯೂಟರು ನಿಧಾನ ಆಗಿದೆ, ಶನಿವಾರ, ಭಾನುವಾರ ರಿಪೇರಿ ಇದೆ, ಸೋಮವಾರ ಬಾ ಎಂದು ಅವನಿಗೆ ಹೇಳಿ ಕಳಿಸಿದ್ದರು.

"ಹುಬ್ಬಳ್ಳಿಗೆ ಹೋಗು ಅಂದ್ರ ಒಲ್ಲೆ ಅಂತಾನ. ಅವನ ಅಣ್ಣಾನೂ ಹಿಂಗ ಹೋಗಿ ತಿರುಗಿ ಬರಲಿಲ್ಲ. ಹಳೇ ಚಿತ್ರ ತೋರ್ಸ್ರಿ, ಆಮ್ಯಾಲೆ ಹೇಳ್ತೀನಿ ಅಂತ ಕುಂತಾನ" ಎಂದರು ಡಾಕ್ಟರು.

 ಮರುದಿನ ಬೆಳಿಗ್ಗೆ ರೋಗಿಗಳು ಬರುವಷ್ಟರಲ್ಲಿ ಯಂತ್ರ ಎದ್ದಿರಬೇಕಿತ್ತು. ಆ ಕೆಲಸಕ್ಕೆ ಕೈ ಹಾಕಿದೆ. ಹಳೆಯ ಡಿಸ್ಕಿನ ವೈರು ಕಿತ್ತು, ಅರ್ಧ ಜೋಡಿಯಿಂದಲೇ ಎಬ್ಬಿಸಲು ನೋಡಿದೆ. ಕೆಲವು ಸಾಲು ಬಂದು ನಿಂತಿತು. ಮೂಲ ವಿಭಾಗ ಸಿಗುತ್ತಿಲ್ಲ, ಮುಂದೆ ಹೋಗಲಾರೆ ಎಂದಿತು ಲಿನಕ್ಸ್. ಅದು ಕಣ್ಣು ಬಿಡುವಾಗ ಮೊದಲು ಒಂದು ಪುಟ್ಟ ಗಂಟನ್ನು ಬಿಚ್ಚಿಕೊಳ್ಳುತ್ತದೆ. ಡಿಸ್ಕುಗಳನ್ನು ಗುರುತಿಸುವ ಚಾಲಕಗಳು ಅದರಲ್ಲಿರುತ್ತವೆ. ಆ ಗಂಟು ಹಳೆಯದು, ಜೋಡಿ ಡಿಸ್ಕಿನ ಚಾಲಕ ಅದರಲ್ಲಿ ಇರಲಿಲ್ಲ. ನಾನು ಹೊಸದಾಗಿ ಕಟ್ಟಿದ್ದೆ, ಆದರೆ ಅದು ಹಳೆಯ ಡಿಸ್ಕಿನ ಮೇಲೆಯೇ ಹೋಗಿ ಕೂತಿತ್ತು. ಸಿಡಿಯಿಂದ ಯಂತ್ರ ಎಬ್ಬಿಸಿ, ಅರ್ಧ ಜೋಡಿಯನ್ನು ಕೈಯಿಂದ ಕೂಡಿಸಿ, ಅದರೊಳಕ್ಕೆ ಹೊಕ್ಕು ಗಂಟನ್ನು ಮತ್ತೆ ಕಟ್ಟಿದೆ. ನಡುವೆ ಕರೆಂಟು ಹೋಯಿತು. ಯುಪಿಎಸ್ ಕೂಗುತ್ತಿದ್ದಾಗ ಟೆಕ್ನಿಷಿಯನ್ ಓಡಿ ಹೋಗಿ ಜನರೇಟರ್ ಹಚ್ಚಿ ಬಂದ. ಎರಡನೆಯ ಪ್ರಯತ್ನದಲ್ಲಿ ಯಂತ್ರ ಎದ್ದಿತು. ಜೋಡಿಯ ಸ್ಥಿತಿ ಕೇಳಿದರೆ ಕಂಸದೊಳಗೆ ಒಂದು ಅಕ್ಷರ, ಪಕ್ಕದಲ್ಲಿ ಒಂದು ಅಡ್ಡಗೆರೆ ತೋರಿಸಿತು. ಒಂದು ಇದೆ, ಒಂದು ಇಲ್ಲ.

ಇನ್ನು ಉಳಿದದ್ದು ಹಳೆಯದನ್ನು ತಂದು ಆ ಗೆರೆಯ ಜಾಗದಲ್ಲಿ ಕೂಡಿಸುವುದು. ಟೆಕ್ನಿಷಿಯನ್ ಕಾಯುತ್ತಿದ್ದ.

"ಮೇಡಂ, ಹಳೇದನ್ನ ಹಾಕಿಬಿಡ್ರಿ. ಅದು ನಡೀತಾ ಐತಲ್ಲ. ಬಾರದ್ದು ಎಷ್ಟು, ಮೂವತ್ತ್ ಚಿತ್ರ. ನಾಳೆಯಿಂದ ಎರಡು ಇದ್ದಂಗ ಆತು."

ಅವನ ಮಾತಿನಲ್ಲಿ ಅರ್ಥವಿತ್ತು. ಅವನಿಗೆ ಗುರುವಾರದಿಂದಲೂ ಒಂದು ಅಳುಕಿತ್ತು; ಚಿತ್ರ ತೆರೆಯದಿದ್ದಾಗಲೇ ನನಗೆ ಹೇಳಬೇಕಿತ್ತು ಎಂದು ಎರಡು ಸಲ ಅಂದಿದ್ದ. ಹೇಗಾದರೂ ಕೆಲಸ ಮುಗಿದರೆ ಸಾಕಾಗಿತ್ತು ಅವನಿಗೆ. ನನ್ನನ್ನು ಕರೆದದ್ದೂ ಎರಡು ಮಾಡಿಕೊಡಲಿಕ್ಕೇ. ಆದರೆ ಹಳೆಯದನ್ನು ಸೇರಿಸಿದ ಗಳಿಗೆಯಲ್ಲಿ ಅದರ ಮೇಲೆ ಹೊಸದರ ನಕಲು ಹರಿಯುತ್ತದೆ. ಓದಲಾಗದ ಚಿತ್ರಗಳು ಇಂದು ಓದಲಾಗದಿದ್ದರೂ ಅಲ್ಲಿವೆ. ಆಮೇಲೆ ಇರುವುದಿಲ್ಲ. ಅಲ್ಲದೆ ಕಾಯಿಲೆಯ ಡಿಸ್ಕನ್ನು ಜೊತೆಗೆ ಕೂಡಿಸಿದರೆ ಎರಡು ಇವೆ ಎಂಬ ಧೈರ್ಯ ಮಾತ್ರ ಬರುತ್ತದೆ, ಎರಡು ಇರುವುದಿಲ್ಲ.

ಸೇರಿಸುವುದಿಲ್ಲ ಎಂದೆ. ಡಾಕ್ಟರು ಬೆಂಚಿನ ಮೇಲೆ ಕೂತಿದ್ದರು. "ಹಂಗಾದ್ರ ನಾಳೆಯಿಂದ ಎಲ್ಲಾ ಒಂದರ ಮ್ಯಾಲ ನಿಂತಂಗ ಅಲ್ಲೇನವಾ?" ಎಂದು ಕೇಳಿದರು. ಹೌದು ಎಂದೆ. ಶುಕ್ರವಾರ ಹೇಗಿತ್ತೋ ಹಾಗೇ, ಒಂದರ ಮೇಲೆ. ಒಂದೇ ಡಿಸ್ಕಿಗೆ ಕನ್ನಡಿ ಎಂದು ಹೆಸರಿಟ್ಟಂತಾಗಿತ್ತು. ಹೊಸ ಡಿಸ್ಕುಗಳು ಮೊದಲ ವಾರದಲ್ಲೇ ಸಾಯುವುದೂ ಉಂಟು, ಅದನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಹಗುರ ಅನಿಸುತ್ತಿತ್ತೋ ಏನೋ.

ಹಳೆಯ ಡಿಸ್ಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ತಂದೆ. ಅದಕ್ಕೆ ಮತ್ತೆ ಕರೆಂಟು ಕೊಡುವ ಮೊದಲು, ಅದರಿಂದ ಬಂದದ್ದನ್ನು ಹಿಡಿದುಕೊಳ್ಳಲು ಇನ್ನೊಂದು ದೊಡ್ಡ ಡಿಸ್ಕು ಬೇಕಿತ್ತು. ಹಿಂದಿನ ವರ್ಷ ವಿದೇಶದ ಡಿಸ್ಕ್ ಕಾರ್ಖಾನೆಗಳಿಗೆ ನೆರೆ ನುಗ್ಗಿ, ಆ ವರ್ಷ ಎಲ್ಲ ಕಡೆ ಡಿಸ್ಕುಗಳ ಅಭಾವ. ಕೊಪ್ಪಳದಲ್ಲಿ ಇರಲಿಲ್ಲ. ಹೊಸಪೇಟೆಯವರು ಮುಂದಿನ ವಾರ ಎಂದರು. ಹುಬ್ಬಳ್ಳಿಯ ಅಂಗಡಿಯೊಂದು ಎರಡು ಕಳಿಸಲು ಒಪ್ಪಿತು, ಒಂದು ಹಳೆಯದನ್ನು ಇಳಿಸಿಕೊಳ್ಳಲು, ಒಂದು ಜೋಡಿಗೆ.

ಸೋಮವಾರ ಯಂತ್ರ ಹೇಗೆ ನಡೆದಿದೆ ನೋಡಲು ಆಸ್ಪತ್ರೆಗೆ ಹೋದಾಗ ಕ್ರೇನ್ ಆಪರೇಟರನೂ ಅವನ ಹೆಂಡತಿಯೂ ಬಂದಿದ್ದರು. ಅವನಿಗೆ ನಲವತ್ತೈದು ಇರಬಹುದು. ಎತ್ತರದ ಆಳು. ಇಡೀ ಹಗಲು ಮೇಲೆ ಕೂತು ಕೆಳಗೆ ನೋಡುವ ಕೆಲಸಕ್ಕೋ ಏನೋ ಕುತ್ತಿಗೆ ಸ್ವಲ್ಪ ಮುಂದೆ ಬಾಗಿತ್ತು. ಹೆಂಡತಿ ಪಕ್ಕದಲ್ಲಿ ಸೆರಗು ಹೊದ್ದು ನಿಂತಿದ್ದಳು. ಡಾಕ್ಟರು ಅವನಿಗೆ ಎಲ್ಲ ಬಿಡಿಸಿ ಹೇಳಿದರು. ಚಿತ್ರ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಅದಕ್ಕಾಗಿ ಕಾಯುವುದು ಬೇಡ, ಹುಬ್ಬಳ್ಳಿಗೆ ಪತ್ರ ಬರೆದು ಕೊಡುತ್ತೇನೆ ಎಂದರು. ಅವನು ನನ್ನ ಕಡೆ ನೋಡಿ, ಎಷ್ಟು ದಿನ ಆಗುತ್ತದೆ ಎಂದು ಕೇಳಿದ. ಹೇಳಲಾಗದು ಎಂದೆ. ಸಿಗುವ ಸಾಧ್ಯತೆ ಇದೆಯೋ ಎಂದ. ಇದೆ ಎಂದೆ. ಅಷ್ಟೇ ಸಾಕಾಯಿತು ಅವನಿಗೆ.

"ಹಂಗಾದ್ರ ಕಾಯ್ತೀನ್ರಿ" ಎಂದು ಎದ್ದು ಹೊರಗೆ ಹೋದ.

ಹೆಂಡತಿ ಹಿಂದೆ ಉಳಿದಳು. ನಾನು ಅವಳಿಗೆ, ನನ್ನ ಕೆಲಸವನ್ನು ನೆಚ್ಚಿ ಕೂಡಬೇಡಿ, ಹೇಗಾದರೂ ಮಾಡಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂದೆ.

"ನಾ ಹೇಳೋದು ಬಿಟ್ಟೇನೇನ್ರಿ ಅಕ್ಕಾರ. ಈಗ ಅವ್ರಿಗೆ ನೀವೊಂದು ನೆವ ಆಗೀರಿ" ಎಂದಳು. ಬೈಯುವ ದನಿಯಲ್ಲ. ಇದ್ದದ್ದನ್ನು ಹೇಳಿದಳು.

ಆ ಮಾತು ವಾರವಿಡೀ ನನ್ನ ಜೊತೆ ಇತ್ತು. ಕೈಯಲ್ಲಿ ಕೆಲಸವಿಲ್ಲದೆ ಹುಬ್ಬಳ್ಳಿ ಬಸ್ಸಿನ ಪಾರ್ಸೆಲ್ಲಿಗೆ ಕಾಯುವಾಗ, ನಾನು ಆ ಡಿಸ್ಕನ್ನು ಉಳಿಸುತ್ತಿದ್ದೇನೋ ಒಬ್ಬ ಮನುಷ್ಯನನ್ನು ತಡೆದು ಕೂಡಿಸಿದ್ದೇನೋ ತಿಳಿಯದಾಗಿತ್ತು. ಚಿತ್ರ ಸಿಗುವುದಿಲ್ಲ, ಪೂರ್ತಿ ಹೋಯಿತು ಎಂದು ಒಂದು ಸುಳ್ಳು ಹೇಳಿಬಿಟ್ಟರೆ ಅವನು ಹೊರಡುತ್ತಾನೆ. ಡಾಕ್ಟರಿಗೆ ಫೋನ್ ಮಾಡಿ ಹಾಗೆ ಹೇಳಲೇ ಎಂದು ಕೇಳಿದೆ. ಅವರು, ಹಾಗೆ ಹೇಳಿದರೆ ಅವನು ಹುಬ್ಬಳ್ಳಿಗಲ್ಲ, ಮನೆಗೆ ಹೋಗುತ್ತಾನೆ, ಮತ್ತೆ ನನ್ನ ಹತ್ತಿರವೂ ಬರುವುದಿಲ್ಲ ಎಂದರು.

ಪಾರ್ಸೆಲ್ ಬಂತು. ಬಿಚ್ಚಿದರೆ ಒಂದೇ ಡಿಸ್ಕು. ಇನ್ನೊಂದು ಬಂದ ಮೇಲೆ ಕಳಿಸುತ್ತೇವೆ ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದರು.

ಅದನ್ನು ಒಯ್ದು ಜೋಡಿಗೆ ಸೇರಿಸಿದರೆ ಆಸ್ಪತ್ರೆಯ ಕೆಲಸ ಅಂದೇ ಮುಗಿಯುತ್ತಿತ್ತು. ಸಾವಿರಾರು ಜನರ ಚಿತ್ರಗಳು ಒಂದು ಹೊಸ ಡಿಸ್ಕಿನ ಮೇಲೆ ನಿಂತಿದ್ದವು. ಅವನ್ನು ಬಿಟ್ಟು ಒಬ್ಬನ ಒಂದು ಚಿತ್ರದ ಹಿಂದೆ ಹೋಗುವುದು ಸರಿಯೇ? ನ್ಯಾಯವಾಗಿ ಜೋಡಿಯೇ ಮೊದಲು. ಆದರೆ ಇನ್ನೊಂದು ಲೆಕ್ಕವೂ ಇತ್ತು. ಹಳೆಯ ಡಿಸ್ಕನ್ನು ಪೂರ್ತಿಯಾಗಿ ಇದಕ್ಕೆ ಇಳಿಸಿಕೊಂಡರೆ, ಹಿಂದಿನ ಶನಿವಾರದವರೆಗಿನ ಎಲ್ಲದರ ನಕಲೂ ಅದರಲ್ಲಿ ಬಂದಂತಾಗುತ್ತದೆ. ಕನ್ನಡಿಯಲ್ಲದಿದ್ದರೂ ಎರಡನೆಯ ಪ್ರತಿ. ಇಳಿಸುವ ನಡುವೆ ಹಳೆಯದು ಸತ್ತು, ಅದೇ ದಿನಗಳಲ್ಲಿ ಆಸ್ಪತ್ರೆಯದೂ ಸತ್ತರೆ ಮಾತ್ರ ಎಲ್ಲ ಹೋದಂತೆ. ಆ ಅಪಾಯವನ್ನು ಡಾಕ್ಟರಿಗೆ ಹೇಳಿದೆ. ನಿನಗೆ ಹೇಗೆ ಅನಿಸುತ್ತದೋ ಹಾಗೆ ಮಾಡು ಎಂದರು. ಹಳೆಯದನ್ನೇ ಮೊದಲು ಹಿಡಿದೆ.

ಕೆಟ್ಟ ಡಿಸ್ಕಿನಿಂದ ಓದಲು ಲಿನಕ್ಸಿನಲ್ಲಿ ಒಂದು ಉಪಕರಣವಿದೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಬಂದದ್ದನ್ನೆಲ್ಲ ಎತ್ತಿಕೊಳ್ಳುತ್ತದೆ, ತಡವರಿಸಿದ ಕಡೆ ಗುರುತಿಟ್ಟು ದಾಟುತ್ತದೆ. ಗುರುತಿಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಮುಂದಿನಿಂದ ಬಾರದಿದ್ದರೆ ಹಿಂದಿನಿಂದ ಓದಿಸಬಹುದು. ಡಿಸ್ಕನ್ನು ಮೇಜಿನ ಮೇಲೆ ಅಂಗಾತ ಇಟ್ಟು ಟೇಬಲ್ ಫ್ಯಾನ್ ತಿರುಗಿಸಿದೆ, ಆ ಬಿಸಿಲಲ್ಲಿ ಫ್ಯಾನೂ ಬೆಂಕಿಯ ಗಾಳಿಯನ್ನೇ ತರುತ್ತಿತ್ತು. ಒಂದು ಒದ್ದೆ ಬಟ್ಟೆಯನ್ನು ಕಿಟಕಿಗೆ ಕಟ್ಟಿದೆ. ಮೊದಲ ಸುತ್ತು ಮರುದಿನಕ್ಕೆ ಮುಗಿಯಿತು. ಉಳಿದದ್ದು ಬಹಳ ಕಡಿಮೆ, ಆದರೆ ಕಷ್ಟದ್ದು. ಮುಂದಿನ ದಿನಗಳಲ್ಲಿ ಪರದೆಯ ಮೇಲಿನ ಅಂಕಿ ಒಂದೊಂದಾಗಿ ಇಳಿಯುವುದನ್ನು ನೋಡುತ್ತ ಬೇರೆಯವರ ಪ್ರಿಂಟರು, ಕೀಬೋರ್ಡು ರಿಪೇರಿ ಮಾಡಿದೆ. ಕೆಲವು ಸಲ ಡಿಸ್ಕು ಪೂರ್ತಿ ಮೌನವಾಗಿಬಿಡುತ್ತಿತ್ತು. ಕರೆಂಟು ತೆಗೆದು, ತಣ್ಣಗಾಗಲು ಬಿಟ್ಟು, ಮತ್ತೆ ಹಚ್ಚುತ್ತಿದ್ದೆ. ಒಂದು ದಿನ ಹಚ್ಚಿದಾಗ ತಿರುಗಲೇ ಇಲ್ಲ. ಆಮೇಲೆ ಎಷ್ಟು ಸಲ ಹಚ್ಚಿದರೂ ತಿರುಗಲಿಲ್ಲ.

ಅಷ್ಟರೊಳಗೆ ಬಂದದ್ದೇ ಬಂದದ್ದು. ಇಳಿಸಿಕೊಂಡ ನಕಲನ್ನು ತೆರೆದು ಆ ಫೋಲ್ಡರಿಗೆ ಹೋದೆ. ಬಾರದಿದ್ದ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಪೂರ್ತಿ ತೆರೆದವು. ಕೆಲವು ತೆರೆಯಲೇ ಇಲ್ಲ. ಅವನದು ತೆರೆಯಿತು. ಕೆಳಭಾಗದಲ್ಲಿ, ಹೊಟ್ಟೆಗೆ ಅಡ್ಡವಾಗಿ, ಮೂರು ಕಪ್ಪು ಪಟ್ಟಿಗಳು. ಆ ಸಾಲುಗಳು ಹೋಗಿದ್ದವು. ಭುಜದಿಂದ ಪಕ್ಕೆಲುಬುಗಳ ಕೆಳಗಿನವರೆಗೆ ಎಲ್ಲವೂ ಇತ್ತು.

ನಾನು ಡಾಕ್ಟರಲ್ಲ. ಆದರೆ ಹೊಸ ಚಿತ್ರವನ್ನು ಅಷ್ಟರಲ್ಲಿ ಆಸ್ಪತ್ರೆಗೆ ಹೋದಾಗೆಲ್ಲ ನೋಡಿದ್ದೆ, ನೆರಳು ಎಲ್ಲಿದೆ ಎಂದು ಗೊತ್ತಿತ್ತು. ಹಳೆಯದರಲ್ಲಿ ಅದೇ ಜಾಗವನ್ನು ಹಿಗ್ಗಿಸಿ ನೋಡಿದೆ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ಪರದೆಯ ಬೆಳಕು ಏರಿಸಿ ಇಳಿಸಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಡಾಕ್ಟರು ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಶ್ವಾಸಕೋಶದ ತುದಿಯಲ್ಲಿ ಹಳೆಯ ಟಿಬಿಯ ಸಣ್ಣ ಗೀರು ಎರಡರಲ್ಲೂ ಇತ್ತು. ಅದರ ಕೆಳಗಿನ ನೆರಳು ಒಂದರಲ್ಲಿ ಮಾತ್ರ. ಅವನನ್ನು ಒಳಗೆ ಕರೆಸಿದರು. ಹೆಂಡತಿಯೂ ಬಂದಳು. ನಾನು ಎದ್ದು ಹೋಗಲು ನೋಡಿದೆ, ಡಾಕ್ಟರು ಕೂಡು ಎಂದು ಕೈ ಮಾಡಿದರು. ಹಳೆಯ ಚಿತ್ರ ತೋರಿಸಿ, "ಇಲ್ಲಿ ಸ್ವಚ್ಛ ಐತಿ ನೋಡಪಾ" ಎಂದರು.

ಅವನ ಮುಖ ಒಂದು ಕ್ಷಣ ಅರಳಿತು. ಸ್ವಚ್ಛ ಎಂಬುದನ್ನು ಅವನು ಒಳ್ಳೆಯ ಸುದ್ದಿ ಎಂದುಕೊಂಡ. ಆಮೇಲೆ ಡಾಕ್ಟರ ಮುಖ ನೋಡಿದ, ಪಕ್ಕದ ಚಿತ್ರ ನೋಡಿದ. ಕ್ರೇನಿನ ಮೇಲೆ ಕೂತು ದೂರದ ವಸ್ತುಗಳ ಅಂತರ ಅಳೆಯುವವನು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅಂದ್ರ ಇದು ಹೊಸದು" ಎಂದ.

ಹೌದು ಎಂದರು ಡಾಕ್ಟರು. ಹೆಂಡತಿ ಗೋಡೆಗೆ ಆತುಕೊಂಡಳು. ಅವನು, ಹುಬ್ಬಳ್ಳಿಗೆ ಪತ್ರ ಬರೆದು ಕೊಡಿ ಎಂದ. ಹೋಗುವಾಗ ನನ್ನ ಎದುರು ನಿಂತು ಕೈ ಮುಗಿದ. ನಾನೂ ಮುಗಿದೆ.

ಎರಡನೆಯ ಡಿಸ್ಕು ಮುಂದಿನ ವಾರ ಬಂತು. ಈ ಸಲ ಜೋಡಿಗೆ ಸೇರಿಸುವ ಮೊದಲು ಅದನ್ನು ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಬರೆದು, ಓದಿ ನೋಡಿದೆ. ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಡಿಸ್ಕನ್ನೂ ಹಾಗೆಯೇ ತುದಿಯವರೆಗೆ ಓದಿಸಿದೆ. ಎರಡೂ ಚೆನ್ನಾಗಿದ್ದವು. ಉಳಿಸಿಕೊಂಡ ಚಿತ್ರಗಳನ್ನು ಆಸ್ಪತ್ರೆಯ ಡಿಸ್ಕಿಗೆ ಹಾಕಿ, ಭಾನುವಾರ ಹೊಸದನ್ನು ಕೂಡಿಸಿದೆ. ಬೆಳಿಗ್ಗೆ ಶುರುವಾದ ಹರಿವು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದು, ಕಂಸದೊಳಗಿನ ಗೆರೆಯ ಜಾಗದಲ್ಲಿ ಎರಡನೆಯ ಅಕ್ಷರ ಬಂತು. ಒಂದರ ವೈರು ಕಿತ್ತು ಎಬ್ಬಿಸಿದೆ, ಎದ್ದಿತು. ಅದನ್ನು ಮತ್ತೆ ಕೂಡಿಸಿ, ಎರಡೂ ಸಮವಾದ ಮೇಲೆ ಇನ್ನೊಂದನ್ನು ಕಿತ್ತೆ, ಆಗಲೂ ಎದ್ದಿತು. ಟೆಕ್ನಿಷಿಯನ್ ಖುಷಿಯಾಗಿ ಹೊರಗಿನಿಂದ ಮಿರ್ಚಿ ಭಜಿ ತರಿಸಿದ. ಕನ್ನಡಿ ಎಂದರೆ ಬ್ಯಾಕಪ್ ಅಲ್ಲ, ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಎರಡರಲ್ಲೂ ಅಳಿಯುತ್ತದೆ ಎಂದು ಅವನಿಗೆ ತಿಳಿಸಿ ಹೇಳಿದೆ. ಮೂರನೆಯ ಒಂದು ಪ್ರತಿ ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಹೋಗಿ ಡಾಕ್ಟರ ಮನೆಯಲ್ಲಿರುವ ಹಾಗೆ ಏರ್ಪಾಡು ಮಾಡಿದೆ. 

ಹುಬ್ಬಳ್ಳಿಯಲ್ಲಿ ಅದು ಕ್ಯಾನ್ಸರ್ ಗಡ್ಡೆಯೇ ಎಂದು ತಿಳಿಯಿತು. ಔಷಧ ಶುರುವಾಯಿತು. ಹೋಗಲು ತಡವಾದ ಆ ದಿನಗಳಿಂದ ವ್ಯತ್ಯಾಸ ಆಯಿತೇ ಎಂದು ಡಾಕ್ಟರನ್ನು ಒಮ್ಮೆ ಕೇಳಿದೆ. ಏನೂ ಆಗಿರುವುದಿಲ್ಲ ಎಂದರು. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವೋ. ಎರಡನೆಯ ಸಲ ಕೇಳುವ ಧೈರ್ಯ ನನಗಾಗಲಿಲ್ಲ.

ಅವನನ್ನು ಮತ್ತೆ ನೋಡಿದ್ದು ಚಳಿಗಾಲದಲ್ಲಿ. ಯುಪಿಎಸ್ ಬ್ಯಾಟರಿ ಬದಲಿಸಲು ಹೋಗಿದ್ದೆ. ಕೊರಳಿಗೆ ಟವೆಲ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ. ಅಂಗಿ ಮೈಮೇಲೆ ನಿಲ್ಲುತ್ತಿರಲಿಲ್ಲ. ಗುರುತು ಹಿಡಿದು ಹತ್ತಿರ ಬಂದ. ಆ ಹಳೆಯ ಚಿತ್ರವನ್ನು ಇನ್ನೊಮ್ಮೆ ತೋರಿಸುತ್ತೀರಾ ಎಂದು ಕೇಳಿದ. ಟೆಕ್ನಿಷಿಯನ್ ನನ್ನ ಮುಖ ನೋಡಿದ. ನಾನು ತೆರೆದು ತೋರಿಸಿದೆ. ಕೆಳಗಿನ ಮೂರು ಪಟ್ಟಿಗಳನ್ನು ಬಿಟ್ಟರೆ ಚೊಕ್ಕ ಚಿತ್ರ. ಅವನು ಸ್ಟೂಲು ಎಳೆದುಕೊಂಡು ಕೂತು, ಬೆರಳಿನಿಂದ ಮುಟ್ಟದೆ, ಪಕ್ಕೆಲುಬುಗಳ ಗುಂಟ ನೋಡಿದ.

"ಇದು ಈಗ ಎರಡೂ ಕಡಿ ಐತೇನ್ರಿ?" ಎಂದು ಕೇಳಿದ.

ಮೂರು ಕಡೆ ಇದೆ ಎಂದೆ.

"ಛಲೋ ಆತು. ಒಮ್ಮೆ ನಾ ಹಿಂಗಿದ್ದೆ ಅನ್ನೋದು ಎಲ್ಲ್ಯಾರ ಇರಲಿ."

ಹೊರಗೆ ಹೆಂಡತಿ ಔಷಧದ ಚೀಲ ಹಿಡಿದು ಅವನನ್ನು ಕರೆಯುತ್ತಿದ್ದಳು. ಗಿಣಿಗೇರಾ ಬಸ್ಸಿನ ಹೊತ್ತಾಗಿತ್ತು. ಅವನು ಎದ್ದು, ಕೆಮ್ಮು ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು, ಕೆಮ್ಮು ಹೋದ ಮೇಲೆ ನಡೆದ. ಬೇಸಿಗೆ ಬರುವಷ್ಟರಲ್ಲಿ ತೀರಿಕೊಂಡ ಎಂದು ಡಾಕ್ಟರು ಆಮೇಲೆ ಹೇಳಿದರು. ಅವತ್ತು ಅವನು ಬಸ್ಸಿಗೆ ಹೋದ ಮೇಲೆ ನಾನು ಪರದೆಯ ಮುಂದೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಚಿತ್ರ ಮುಚ್ಚಿ, ಬ್ಯಾಟರಿಯ ಕೆಲಸಕ್ಕೆ ಎದ್ದಿದ್ದೆ.